ಎಡಗಣ್ಣಿನ ಹೊಸ ಲೆನ್ಸಿಗೆ ಮ್ಯಾಚಿಂಗ್ ಸೆಂಟರಿನಿಂದ ಒಂದು ಅಹವಾಲು

ನನ್ನ ಎಡಗಣ್ಣಿನಲ್ಲಿ ಈಚೆಗಷ್ಟೇ ಬಿಡಾರ ಹೂಡಿರುವ ಮಾನ್ಯ ಲೆನ್ಸ್ ಮಹೋದಯರೇ,

ಜಯನಗರ ನಾಲ್ಕನೇ ಬ್ಲಾಕಿನ ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕಿಕೊಡುತ್ತಲೇ ತಲೆ ನರೆಸಿಕೊಂಡ ಶಾಮಣ್ಣನ ಸಾಷ್ಟಾಂಗ ನಮಸ್ಕಾರಗಳು. ಬಗ್ಗಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿರುವುದರಿಂದ ಈ ಸಾಷ್ಟಾಂಗವನ್ನು ನಿಂತೇ ಸಲ್ಲಿಸುತ್ತಿದ್ದೇನೆ, ಮನ್ನಿಸಬೇಕು.

ಪೊರೆ ತೆಗೆಸಿಕೊಂಡು ತಮ್ಮನ್ನು ಬರಮಾಡಿಕೊಂಡ ಮೇಲೆ ಜಗತ್ತು ತೊಳೆದಿಟ್ಟಂತಾಗಿದೆ, ಒಪ್ಪಿದೆ. ಆದರೆ ಬಲಗಣ್ಣಿನ ಪೊರೆ ಇನ್ನೂ ಹಾಗೇ ಇದ್ದು, ಎಲ್ಲವನ್ನೂ ಡಿಕಾಕ್ಷನ್ನಿನಲ್ಲಿ ಅದ್ದಿ ತೋರಿಸುತ್ತದೆ. ಹೀಗಾಗಿ ಕೆಲಸಕ್ಕೆ ಮರಳಿದ ಮೊದಲ ದಿನವೇ, ಹಳೆಯ ಗಿರಾಕಿ ಮೈತ್ರೇಯಿ ಮೇಡಂ ತಂದ ಸೀರೆ ತಮಗೆ ಗುಲಾಬಿಯಾಗಿಯೂ ತಮ್ಮ ನೆರೆಯವರಿಗೆ ಈರುಳ್ಳಿ ಸಿಪ್ಪೆ ಬಣ್ಣವಾಗಿಯೂ ಕಂಡಿತು. ಈ ವ್ಯಾಜ್ಯ ತೀರಿಸಲು ನಾನು ಒಮ್ಮೆ ಆ ಕಣ್ಣು, ಒಮ್ಮೆ ಈ ಕಣ್ಣು ಮುಚ್ಚಿ ನೋಡುತ್ತಿದ್ದರೆ, ಜೊತೆಯಲ್ಲಿದ್ದ ಅವರ ಅತ್ತೆ, "ಈ ವಯಸ್ಸಲ್ಲಿ ಕಣ್ಣು ಹೊಡೀತಾನಲ್ಲೇ!" ಎಂದು ಅಂಗಡಿಗೆಲ್ಲ ಕೇಳುವಂತೆ ಅಂದರು. ಮಾನ ಹರಾಜಾಯಿತು. ಗಾಬರಿಯಲ್ಲಿ ತಮ್ಮ ಮಾತಿಗೇ ಕಟ್ಟುಬಿದ್ದು ಗುಲಾಬಿ ಬಟ್ಟೆ ಕೊಟ್ಟೆ.

ಅದನ್ನಾದರೂ ನುಂಗಿಕೊಂಡೇನು. ನಮ್ಮ ಗಿರಾಕಿಗಳು ಟ್ಯೂಬ್‌ಲೈಟನ್ನು ನಂಬುವವರಲ್ಲ. ಬಟ್ಟೆಯನ್ನು ಫುಟ್‌ಪಾತಿಗೆ ಒಯ್ದು, ಬಿಸಿಲಿನಲ್ಲಿ ಸೀರೆಯ ಪಕ್ಕ ಹಿಡಿದು ನೋಡಿಯೇ ಕೊಳ್ಳುವುದು. ಶಾಮಣ್ಣ ಆರಿಸಿದ್ದನ್ನು ಮಾತ್ರ ಯಾರೂ ಆಚೆ ಒಯ್ಯುತ್ತಿರಲಿಲ್ಲ. ಅಂದು ಮೈತ್ರೇಯಿ ಮೇಡಂ, "ಬೇಜಾರು ಮಾಡ್ಕೋಬೇಡಿ ಶಾಮಣ್ಣ, ಒಂದ್ಸಲ ಆಚೆ ಬೆಳಕಲ್ಲಿ ನೋಡ್ಕೊಂಡು ಬರ್ತೀನಿ" ಎಂದರು. ಬೇಜಾರಾಯಿತು, ಮಹೋದಯರೇ. ಬಹಳ ಬೇಜಾರಾಯಿತು. ಬಿಸಿಲಿನಲ್ಲಿ ತಾವು ಹೇಳಿದ ಬಣ್ಣವೇ ಸರಿಯಾಗಿದ್ದದ್ದು ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ಅಷ್ಟಾದರೂ ಮಾಲೀಕರಾದ ಬಸವಪ್ರಸಾದ್ ಅವರು ಅಂದು ಸಂಜೆಯೇ ನನ್ನನ್ನು ಬರೀ ಬಿಳಿ ಲೈನಿಂಗ್ ಬಟ್ಟೆ ಅಳೆಯುವ ಮೂಲೆಗೆ ಕಳಿಸಿದರು.

ಆದಕಾರಣ, ಬಲಗಣ್ಣಿನ ಆಪರೇಷನ್ ಆಗುವ ತನಕ ಮಹಾನುಭಾವರಾದ ತಾವು ಅಷ್ಟಿಷ್ಟು ಹಳದಿ ಕಡ ತಂದಾದರೂ ನೆರೆಯವರೊಡನೆ ಹೊಂದಿಕೊಂಡು ಹೋಗಬೇಕು. ಅದಾಗದಿದ್ದರೆ ಸೂರ್ಯನನ್ನೇ ಕರೆತಂದು ನಮ್ಮ ಬಟ್ಟೆ ಥಾನುಗಳ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿಕೊಡಬೇಕು. ಯಾರೂ ಆಚೆ ಹೋಗದಿದ್ದರೆ ನನಗಷ್ಟೇ ಸಾಕು.

ತಮ್ಮ ವಿಶ್ವಾಸಿ (ಎಡಗಡೆಯ ಮಟ್ಟಿಗೆ),
ಶಾಮಣ್ಣ

ತಾ.ಕ.: ಬಲಗಣ್ಣು ಸರಿಹೋದ ಮೇಲೆ ರವಿಕೆ ಬಟ್ಟೆಯ ಕೌಂಟರು ಮತ್ತೆ ನನ್ನದೇ ಎಂದು ಮಾಲೀಕರು ಮಾತು ಕೊಟ್ಟಿದ್ದಾರೆ. ಅವರು ಕಪ್ಪೆಂದು ನಂಬಿ ಬಣ್ಣ ಹಚ್ಚಿಕೊಂಡಿರುವ ತಲೆಗೂದಲು ಬದನೆಕಾಯಿ ಬಣ್ಣದ್ದೆಂದೂ, ಮೀಸೆಗೆ ಕೊಂಚವೂ ಮ್ಯಾಚ್ ಆಗುತ್ತಿಲ್ಲವೆಂದೂ ತಾವು ತೋರಿಸಿಕೊಟ್ಟದ್ದನ್ನು ನಾನಿನ್ನೂ ಬಾಯಿ ಬಿಟ್ಟಿಲ್ಲ. ಮಾತಿಗೆ ತಪ್ಪಿದ ದಿನ ಹೇಳುತ್ತೇನೆ. ನಂಬದಿದ್ದರೆ ನನಗೇನೂ ಬೇಜಾರಿಲ್ಲ, ಒಂದ್ಸಲ ಆಚೆ ಬೆಳಕಲ್ಲಿ ನೋಡಿಕೊಂಡು ಬರಲಿ.