ಕಂಬಳಿ ಮೆಂಬರು

ಪ್ರಜಾಪ್ರತಿನಿಧಿ ಸಭೆಯ ಮೆಂಬರಾದವನಿಗೆ ಮರ್ಯಾದೆ ಸಿಗುತ್ತದೋ ಇಲ್ಲವೋ, ದಾರಿಗೆ ಅಡ್ಡ ನಿಲ್ಲುವವರಂತೂ ತಪ್ಪದೆ ಸಿಗುತ್ತಾರೆ. ಮಹಾರಾಜರ ಕಾಲದಲ್ಲಿ ಸಿರಾ ಸೀಮೆಯಿಂದ ಆರಿಸಿ ಹೋಗುತ್ತಿದ್ದ ನನಗೆ ಅಂಥವರು ಸಿಕ್ಕಿದ್ದು ಒಬ್ಬಿಬ್ಬರಲ್ಲ.

ನೀರು ಕೊಡಬೇಡಿ

ಮೊದಲ ಸಲ ನಿಂತಾಗ ನನ್ನ ಎದುರಾಳಿ ಒಬ್ಬ ಜೋಡಿದಾರರು, ಹಳ್ಳಿಗೆ ಹಳ್ಳಿಯನ್ನೇ ಇನಾಮು ಪಡೆದ ಮನೆತನದವರು. ಆಗ ಓಟಿದ್ದದ್ದು ಕಂದಾಯ ಕಟ್ಟುವ ಕೆಲವರಿಗೆ ಮಾತ್ರ; ಅವರೆಲ್ಲ ಜೋಡಿದಾರರಿಗೆ ಹೆದರುವವರೇ. ನಾನು ತಾವರೆಕೆರೆಗೆ ಹೋಗುವ ಮೊದಲೇ ಅವರ ಆಳು ಬಂದು, 'ಆ ಮನುಷ್ಯನಿಗೆ ಯಾರೂ ಒಂದು ಲೋಟ ನೀರೂ ಕೊಡಕೂಡದು' ಎಂದು ಸಾರಿದ್ದ.

ಉರಿ ಮಧ್ಯಾಹ್ನ. ಬೀದಿಯ ಬಾಗಿಲೆಲ್ಲ ಮುಚ್ಚಿದ್ದವು. ಕೊನೆಯ ಮನೆಯ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ನನ್ನ ಮುಖ ನೋಡಿ ಎದ್ದು, ಒಳಗಿಂದ ದೊಡ್ಡ ಚೊಂಬು ತಂದುಕೊಟ್ಟಳು. ಆಳು ಎಲ್ಲಿದ್ದನೋ, ಓಡಿ ಬಂದ.

'ಅಜ್ಜಿ, ಯಜಮಾನ್ರು ಏನಂದಿದ್ರು?'

'ನೀರು ಕೊಡಬ್ಯಾಡ ಅಂದವ್ರೆ ಕಣ್ಲಾ. ಇದು ಮಜ್ಜಿಗೆ. ಮಜ್ಜಿಗೆಗೆ ಬ್ಯಾರೆ ಸಾರು, ಓಗು.'

ಯಾವ ಕುರಿಯದು?

ಗೆದ್ದೆ. ಮೈಸೂರಿಗೆ ಹೋದೆ. ಕರಿ ಕೋಟು, ಪೇಟ ಎಲ್ಲ ಸರಿಯಾಗಿತ್ತು. ಹೆಗಲ ಮೇಲೆ ಮಾತ್ರ ನಮ್ಮೂರ ಕರಿ ಕಂಬಳಿ. 'ಅದನ್ನ ಇಲ್ಲಿಟ್ಟು ಒಳಗೆ ಹೋಗಿ' ಎಂದ ಬಾಗಿಲ ಜವಾನ. ಇಣುಕಿದರೆ ಅರ್ಧ ಸಭೆ ಶಾಲು ಹೊದ್ದು ಕೂತಿದೆ.

'ಅವರು ಹೊದ್ದಿರೋದೇನಯ್ಯ?'

'ಅದು ಕಾಶ್ಮೀರದ ಶಾಲು, ಸ್ವಾಮಿ.'

'ಉಣ್ಣೆ ತಾನೆ? ಅಷ್ಟು ದೂರದ ಕುರಿಯನ್ನ ಒಳಗೆ ಬಿಟ್ಟಿದ್ದೀಯ, ನಮ್ಮ ಸಂಸ್ಥಾನದ ಕುರಿ ಏನು ಪಾಪ ಮಾಡಿದೆ?'

ಜವಾನ ಅತ್ತಿತ್ತ ನೋಡಿ ದಾರಿ ಬಿಟ್ಟ. ಅವತ್ತಿನಿಂದ ನಾನು 'ಕಂಬಳಿ ಮೆಂಬರು'. ಹೆಸರಿಗೆ ನಾನಾಗಲಿ ಕಂಬಳಿಯಾಗಲಿ ಬೇಸರಪಡಲಿಲ್ಲ.

ಉಳಿದ ಮಾತು

ಪಾವಗಡದ ಕಡೆ ತೆಲುಗೇ ಹೆಚ್ಚು. ಅಲ್ಲಿನ ಒಂದು ಹಳ್ಳಿಯವರು ಕರೆದರೆಂದು ದೊಡ್ಡ ಅಧಿಕಾರಿಯೊಬ್ಬರನ್ನು ರಸ್ತೆ ತೋರಿಸಲು ಕರೆದೊಯ್ದಿದ್ದೆ. ತೋರಿಸಲು ರಸ್ತೆಯೇ ಇಲ್ಲ ಎಂಬುದೇ ತಕರಾರು. ಒಬ್ಬ ಮುದುಕ ರೈತ ಅವರೆದುರು ನಿಂತು ತೆಲುಗಿನಲ್ಲಿ ಕಾಲು ಗಂಟೆ ಮಾತಾಡಿದ.

'ಏನಂತೆ?' ಅಂದರು ಅಧಿಕಾರಿ.

'ರಸ್ತೆ ಬೇಕಂತೆ' ಅಂದೆ.

'ಅಷ್ಟು ಹೊತ್ತು ಮಾತಾಡಿದನಲ್ಲ?'

'ಉಳಿದದ್ದು ತಮ್ಮ ವಿಚಾರ. ಬಿಡಿ ಸ್ವಾಮಿ.'

ಕನ್ನಡ ಬರದೆಂದು ನಾನು ನಂಬಿದ್ದ ಆ ಮುದುಕ ನನ್ನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಅಂದ: 'ಮೆಂಬ್ರೇ, ರಸ್ತೆ ವಿಷ್ಯ ನಾನೇ ಹೇಳ್ತಿದ್ದೆ. ನಿಮ್ಮನ್ನ ಕರ್ದಿದ್ದೇ ಆ ಉಳಿದಿದ್ದನ್ನ ಹೇಳಾಕೆ.'

ಬೆಟ್ಟ ಇಳಿದದ್ದು

ಜವಾಬ್ದಾರಿ ಸರ್ಕಾರ ಬೇಕೆಂದು ಸಂಸ್ಥಾನವೆಲ್ಲ ಎದ್ದ ಕಾಲ. ಮಧುಗಿರಿ ಊರೊಳಗೆ ಎಲ್ಲೂ ತ್ರಿವರ್ಣ ಬಾವುಟ ಏರಿಸಕೂಡದೆಂದು ಹುಕುಂ ಆಯಿತು. ಊರೊಳಗೆ ತಾನೆ ಬೇಡ ಅಂದದ್ದು? ಒಂದು ಬೆಳಿಗ್ಗೆ ಬೆಟ್ಟ ಹತ್ತಿ ತುದಿಯಲ್ಲಿ ಏರಿಸಿಬಿಟ್ಟೆ. ಜೈಲು ಖಂಡಿತವೆಂದು ಮನೆಯವಳು ಎರಡು ಪಂಚೆ ಮಡಿಸಿಟ್ಟಿದ್ದಳು.

ಹೊಸದಾಗಿ ವರ್ಗವಾಗಿ ಬಂದಿದ್ದ ದಪ್ಪನೆಯ ಇನ್ಸ್‌ಪೆಕ್ಟರು ನನ್ನನ್ನು ಹಿಡಿಯಲು ಹೊರಟರು. ಆ ಬೆಟ್ಟವೋ ಒಂದೇ ಬೋಳು ಬಂಡೆ. ಮುಕ್ಕಾಲು ಹತ್ತಿ, ತಿರುಗಿ ಕೆಳಗೆ ನೋಡಿದರು. ಅಷ್ಟೇ, ಬಂಡೆಗೆ ಅಂಟಿಕೊಂಡು ಕೂತರು. ಇಳಿದು ಬರುತ್ತಿದ್ದ ನಾನು ಕೈ ಕೊಟ್ಟೆ.

'ಕೆಳಗೆ ಹೋದ ಮೇಲೆ ನಿಮ್ಮನ್ನ ಅರೆಸ್ಟ್ ಮಾಡಬೇಕಾಗುತ್ತೆ' ಅಂದರು, ಕಣ್ಣು ಮುಚ್ಚಿಕೊಂಡೇ.

'ಆಗಲಿ. ಮೊದಲು ಎಡಗಾಲು ಇಡಿ' ಅಂದೆ.

ಮಾರನೆಯ ದಿನ ಕೋರ್ಟಿನಲ್ಲಿ 'ಆರೋಪಿಯನ್ನು ಬೆನ್ನಟ್ಟಿ ಹಿಡಿದೆ' ಎಂದು ಇನ್ಸ್‌ಪೆಕ್ಟರು ವರದಿ ಓದಿದರು. 'ಓಡಿದಿರೇನು?' ಎಂದು ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು.

'ಓಡೋದು ಹೆಂಗೆ ಸ್ವಾಮಿ, ಇವರು ನನ್ನ ಕೈ ಬಿಟ್ಟರೆ ತಾನೆ?'

ಮ್ಯಾಜಿಸ್ಟ್ರೇಟರು ಗಂಟಲು ಸರಿಮಾಡಿಕೊಂಡು, 'ಬಾವುಟ ಎಲ್ಲಿ? ಹಾಜರುಪಡಿಸಿ' ಅಂದರು. ಇನ್ಸ್‌ಪೆಕ್ಟರು ಕಿಟಕಿಯಾಚೆ ಬೆಟ್ಟದ ತುದಿ ತೋರಿಸಿದರು. ಅಲ್ಲಿ ಅದು ಹಾಯಾಗಿ ಹಾರುತ್ತಿತ್ತು.

'ಹೋಗಿ ತನ್ನಿ.'

'ತರ್ತೀನಿ ಸ್ವಾಮಿ,' ಇನ್ಸ್‌ಪೆಕ್ಟರು ತಲೆ ತಗ್ಗಿಸಿದರು, 'ಆರೋಪಿಯನ್ನ ಜೊತೆಗೆ ಕಳಿಸಿಕೊಟ್ಟರೆ.'

ಎಲ್ಲರೂ ನನ್ನ ಕಡೆ ನೋಡಿದರು. ನಾನು ಒಲ್ಲೆ ಅಂದೆ.