ಕೇಳುವ ಜಾಗ

“ಇನ್ನೊಂದು ಗೇಣು ಹಿಂದಕ್ಕೆ,” ಎಂದರು ಸೆಕ್ರೆಟರಿ.

ಅವನು ಹಿಂದಕ್ಕೆ ಸರಿದ. ಬೆನ್ನು ಗೋಡೆಗೆ ತಾಗಿತು. ಅಳತೆ ಟೇಪಿನ ಒಂದು ತುದಿ ಅವನ ಮೂಗಿನ ಬಳಿ ಇತ್ತು, ಇನ್ನೊಂದು ತುದಿಯನ್ನು ಸೆಕ್ರೆಟರಿ ಎಡಗಡೆಯ ಸ್ಪೀಕರಿಗೆ ಒತ್ತಿ ಹಿಡಿದಿದ್ದರು.

“ಇನ್ನೂ ಹಿಂದಕ್ಕೆ.”

“ಹಿಂದೆ ಗೋಡೆ ಇದೆ ಸಾರ್.”

“ಗೋಡೆ ನನಗೂ ಕಾಣ್ತಿದೆ. ನಾನು ಹೇಳ್ತಿರೋದು ಲೆಕ್ಕ.”

ಸೆಕ್ರೆಟರಿ ಎಂದರೆ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ. ಲಿಫ್ಟಿನಲ್ಲಿ ಸೈಕಲ್ ಒಯ್ಯಬಾರದು ಎಂದು ಹೇಳಿಹೋಗಲು ಬಂದವರು, ತೆರೆದ ಬಾಗಿಲಿನಿಂದ ಆಳೆತ್ತರದ ಎರಡು ಸ್ಪೀಕರುಗಳನ್ನು ಕಂಡು ಬಂದ ಕೆಲಸ ಮರೆತು ತೋಳು ಮಡಚಿದ್ದರು. ಅವರ ಹತ್ತಿರವೂ ಒಂದು ಕಾಲದಲ್ಲಿ ಇಂಥದೇ ಸೆಟ್ ಇತ್ತಂತೆ. ಅವರ ಸಲಹೆಯ ಮೇರೆಗೆ ಸೋಫಾ ಆಗಲೇ ಕಾರಿಡಾರಿಗೆ ಹೋಗಿತ್ತು. ಅದರ ಮೇಲೆ ಅವನ ಹೆಂಡತಿ ಕೂತು, ಹೋಗಿ ಬರುವವರಿಗೆಲ್ಲ ಮನೆ ಖಾಲಿ ಮಾಡುತ್ತಿಲ್ಲ ಎಂದು ಸಮಜಾಯಿಷಿ ಹೇಳುತ್ತಿದ್ದಳು.

ಅವನಿಗೆ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒಂದು ಕಿವಿಗೆ ಫೋನ್ ಅಂಟಿಸಿಕೊಂಡು “ಬರ್ಕೊಂಡಿದೀನಿ ಮೇಡಂ” ಎನ್ನುವುದು. ಎಡಕಿವಿ ದಣಿದರೆ ಬಲಕಿವಿ. ಹೀಗೆ ವರ್ಷಗಟ್ಟಲೆ ದುಡಿದ ಈ ಕಿವಿಗಳಿಗೆ ವಾರಕ್ಕೊಂದು ಗಂಟೆ ಯಾವ ದೂರೂ ಹೇಳದ ಒಂದು ಸದ್ದನ್ನು ಕೇಳಿಸಬೇಕೆಂಬುದು ಅವನ ಆಸೆ. ಜೀವಮಾನದಲ್ಲಿ ಅವನು ಬೇರೇನನ್ನೂ ಇಷ್ಟು ಹಟದಿಂದ ಬಯಸಿರಲಿಲ್ಲ.

ಅಂಗಡಿಯವನು ಒಳ್ಳೆಯವನೇ. ನಿಮ್ಮ ಮನೆಗೆ ಈ ಸಣ್ಣವು ಸಾಕು, ಪುಸ್ತಕದ ಪಕ್ಕ ಪುಸ್ತಕದ ಹಾಗೆ ಕೂರ್ತವೆ ಎಂದಿದ್ದ. ಆದರೆ ಅಂಗಡಿಯ ವಿಶಾಲ ಹಾಲಿನಲ್ಲಿ ದೊಡ್ಡವುಗಳಿಂದ ಪಿಟೀಲು ಕೇಳಿದ ಮೇಲೆ ಇವನ ಕಾಲು ಅಲ್ಲಿಂದ ಕದಲಲಿಲ್ಲ. ಅಂಗಡಿಯವನು ಎಚ್ಚರಿಸಿದ: “ಇವಕ್ಕೆ ದೂರ ಬೇಕು ಸಾರ್.” ಅವುಗಳನ್ನು ನಡೆಸಲು ತಕ್ಕ ಆಂಪ್ಲಿಫೈಯರೂ ಬೇಕಾಯಿತು. ಆ ಡಬ್ಬಿಯನ್ನು ಇಬ್ಬರು ಹೊತ್ತು ತಂದು ಇಳಿಸಿದಾಗ ಮೇಜು ಒಮ್ಮೆ ನರಳಿತು.

ಹೆಂಡತಿ ಸುತ್ತಲೂ ನಡೆದು ನೋಡಿದಳು. ಸುತ್ತಲೂ ನಡೆಯಲು ಅವಳು ಅಡ್ಡಡ್ಡ ತಿರುಗಬೇಕಾಯಿತು.

“ಅವಕ್ಕೆ ದೂರ ಬೇಕಂತಲ್ಲ, ಇರಲಿ. ನನಗೆ ದೂರು ಬೇಡ,” ಎಂದಳು. “ಈ ಬಿಲ್ಡಿಂಗಲ್ಲಿ ಒಬ್ಬರು, ಒಬ್ಬರೇ ಒಬ್ಬರು ಬಂದು ದೂರು ಹೇಳಿದ್ರೂ ವಾಪಸ್ಸು.”

ಒಪ್ಪದಿದ್ದರೆ ವಾಪಸ್ಸು ತಗೊಳ್ಳುತ್ತೇವೆ ಎಂದು ಅಂಗಡಿಯವನು ಕೊಟ್ಟ ವಾಯಿದೆ ಇವತ್ತು ಸಂಜೆಗೆ ಮುಗಿಯುತ್ತಿತ್ತು. ನಿನ್ನೆಯವರೆಗೆ ಅವನು ಸದ್ದನ್ನು ಎಷ್ಟು ಸಣ್ಣಗೆ ಇಟ್ಟಿದ್ದನೆಂದರೆ, ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿ ವೈದ್ಯರ ಹಾಗೆ ಉಸಿರು ಬಿಗಿಹಿಡಿಯಬೇಕಿತ್ತು. ದೂರು ಬರಲಿಲ್ಲ. ಸಂಗೀತವೂ ಬರಲಿಲ್ಲ. ಇವತ್ತು ಧೈರ್ಯ ಮಾಡಿ ಏರಿಸಿದರೆ, ಮನೆಯೆಲ್ಲ ಒಂದೇ ಗುಂಯ್‌ಗುಡುವ ಮುದ್ದೆಯಾಗಿ, ಪಿಟೀಲು ಯಾವುದು, ಅಲ್ಮಾರಿಯ ಗಾಜು ಯಾವುದು ತಿಳಿಯಲಿಲ್ಲ. ಆಗಲೇ ಸೆಕ್ರೆಟರಿ ಬಂದದ್ದು.

ಸೆಕ್ರೆಟರಿಯ ಲೆಕ್ಕ ಸರಳವಾಗಿತ್ತು. ಎರಡು ಸ್ಪೀಕರುಗಳ ನಡುವೆ ಎಷ್ಟು ದೂರವೋ, ಕೇಳುವವನೂ ಅವುಗಳಿಂದ ಅಷ್ಟೇ ದೂರ ಕೂರಬೇಕು. ಹಾಗಾದರೆ ಅವನ್ನೇ ಹತ್ತಿರ ತಂದರಾಗದೇ ಎಂದು ಅವನು ಕೇಳಿದ. ಹತ್ತಿರ ತರೋದಾದರೆ ಎರಡು ಯಾಕೆ ತಂದಿರಿ, ಒಂದೇ ಸಾಕಿತ್ತಲ್ಲ ಎಂದು ಅವರು ಅವನ ಬಾಯಿ ಮುಚ್ಚಿಸಿದರು. ಟೇಪು ಸುತ್ತಿ, ಗೋಡೆಯನ್ನು ಬೆರಳಿನಿಂದ ಕುಟ್ಟಿದರು.

“ಕೂರೋ ಜಾಗ ಸಿಕ್ತು. ಸಿಸ್ಟರ್ ಮನೇಲಿದೆ.”

ಸಿಸ್ಟರ್ ಗೋಡೆಯಾಚೆಯ ಮನೆಯವರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಒಂಟಿ, ಕಿವಿ ಸ್ವಲ್ಪ ಮಂದ. ಇಬ್ಬರೂ ಹೋಗಿ ಅವರ ಬಾಗಿಲು ತಟ್ಟಿದರು. ಅವರು ಬಾಯಿ ತೆರೆದರೆ ಎಲ್ಲಿ ದೂರು ಉದುರುವುದೋ ಎಂದು ಅವನು ಮೊದಲೇ ಸೆಕ್ರೆಟರಿಯ ಬೆನ್ನ ಹಿಂದೆ ನಿಂತ. ಆದರೆ ಸಿಸ್ಟರ್ ಇಬ್ಬರನ್ನೂ ಒಳಗೆ ಕರೆದು, ಗೋಡೆಗೆ ತಾಗಿದ್ದ ಮಂಚದ ಅಂಚಿನಲ್ಲಿ ಅವನನ್ನು ಕೂರಿಸಿದರು.

ಆಂಪ್ಲಿಫೈಯರಿಗೆ ಬ್ಲೂಟೂತಿನಲ್ಲಿ ಜೋಡಿಸಿದ್ದ ತನ್ನ ಫೋನಿನಲ್ಲಿ ಅವನು ಗುಂಡಿ ಒತ್ತಿದ. ಗೋಡೆಯಾಚೆ ಅವನದೇ ಮನೆಯಲ್ಲಿ ಪಿಟೀಲು ಎದ್ದಿತು. ಕಮಾನು ತಂತಿಯನ್ನು ಮುಟ್ಟುವುದು, ಮುಟ್ಟುವ ಮೊದಲು ತಡೆಯುವುದು, ನುಡಿಸುವವನು ಮೂಗಿನಿಂದ ಉಸಿರು ಬಿಡುವುದು, ಎಲ್ಲ ಬಿಡಿಬಿಡಿಯಾಗಿ ಬಂತು. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಕೆಲಸಕ್ಕೆ ಸೇರಿದಂದಿನಿಂದ ಅವನ ಕಿವಿಯೊಳಗೆ ಕೂತಿದ್ದ ಯಾರೋ ಎದ್ದು ಹೊರಗೆ ಹೋದಂತಾಯಿತು.

“ನನಗೂ ಕೇಳಿಸ್ತಿದೆ,” ಎಂದರು ಸಿಸ್ಟರ್, ಆಶ್ಚರ್ಯದಿಂದ. “ಕಿವಿ ಮಿಷನ್ ಇಲ್ಲದೇನೇ ಕೇಳಿಸ್ತಿದೆ.”

ಆದರೆ ದಿನಾ ಇನ್ನೊಬ್ಬರ ಮಂಚದ ಮೇಲೆ ಕೂತು ಸಂಗೀತ ಕೇಳುವುದು ಹೇಗೆ? ಅದಕ್ಕೂ ಸೆಕ್ರೆಟರಿಯ ಬಳಿ ಲೆಕ್ಕವಿತ್ತು. ಎರಡೂ ಮನೆ ಒಂದೇ ಅಚ್ಚಿನವು. ಸ್ಪೀಕರ್ ಸಿಸ್ಟರ್ ಮನೆಗೆ ಬಂದರೆ ಕೂರುವ ಜಾಗ ಅವನ ಮನೆಗೆ ಹೋಗುತ್ತದೆ. ಸಿಸ್ಟರ್ ಕೂಡಲೇ ಒಪ್ಪಿದರು. ಅದಕ್ಕಿಂತ ಬೇಗ ಒಪ್ಪಿದವಳು ಹೆಂಡತಿ. ವಾರದಿಂದ ಆಂಪ್ಲಿಫೈಯರನ್ನು ಬೆರಳಿನಿಂದಲೂ ಮುಟ್ಟದವಳು ಸೋಫಾದಿಂದೆದ್ದು ಬಂದು ಅದರ ಒಂದು ಮಗ್ಗುಲನ್ನು ಎತ್ತಿಯೇಬಿಟ್ಟಳು.

ಎಲ್ಲ ಸಾಗಿಸಿದರು. ಸೋಫಾ ಒಳಗೆ ಬಂತು. ಅವನು ಕೂತು ಪರೀಕ್ಷಿಸಿದ. ಪಿಟೀಲು ಗೋಡೆಯಿಂದ ತೊಟ್ಟು ತೊಟ್ಟಾಗಿ ಇಳಿದು ಬಂದು ಅವನೆದುರು ನಿಂತಿತು. ಅಂಗಡಿಯಲ್ಲೂ ಹೀಗಿರಲಿಲ್ಲ. ಮನೆಯಲ್ಲಿ ಸ್ಪೀಕರ್ ಇಲ್ಲ, ದೂರಿಲ್ಲ, ಸಂಗೀತ ಮಾತ್ರ ಇದೆ. ಅವನು ಅಂಗಡಿಗೆ ಫೋನ್ ಮಾಡಿ, ಒಪ್ಪಿಗೆ, ವಾಪಸ್ಸು ಕೊಡುವುದಿಲ್ಲ ಎಂದು ತಾನಾಗಿಯೇ ತಿಳಿಸಿದ.

ಸಂಜೆ ಮುಖ ತೊಳೆದು, ಲೈಟು ಸಣ್ಣದು ಮಾಡಿ, ಕಾಲು ಚಾಚಿ ಕೂತ. ಗುಂಡಿ ಒತ್ತಿದ. ಪಿಟೀಲು ಬರಲಿಲ್ಲ. ಮತ್ತೆ ಒತ್ತಿದ. ಗೋಡೆ ಕೆಮ್ಮಿತು.

“ಮಂಡಿ ನೋವು ಕಣೇ ಅಕ್ಕಾ,” ಎಂದಿತು ಗೋಡೆ. “ಕೂತರೆ ಏಳಕ್ಕಾಗಲ್ಲ, ಎದ್ದರೆ ಕೂರಕ್ಕಾಗಲ್ಲ. ಹೇಳಿದರೆ ಈ ಮನೇಲಿ ಯಾರು ಕೇಳ್ತಾರೆ?”

ಹೆಂಡತಿ ಅಡುಗೆಮನೆಯಿಂದ ಇಣುಕಿ, ನಡೆದದ್ದನ್ನು ಹೇಳಿದಳು. ಸಿಸ್ಟರಿಗೆ ಕಿವಿ ಮಂದವಲ್ಲವೇ, ಸೆಕ್ರೆಟರಿ ಹೋಗುವ ಮೊದಲು ಅವರ ಫೋನನ್ನೂ ಆಂಪ್ಲಿಫೈಯರಿಗೆ ಜೋಡಿಸಿಕೊಟ್ಟು ಉಪಕಾರ ಮಾಡಿದ್ದರು. ಈಗ ಬೇರೆ ಊರಿನಲ್ಲಿರುವ ಅವರ ತಂಗಿಯ ಜೊತೆ ಮಾತು ನಡೆದಿದೆ. ಪಾಪ, ಎಷ್ಟೋ ವರ್ಷದ ಮೇಲೆ ಸ್ಪಷ್ಟವಾಗಿ ಕೇಳಿಸ್ತಿದೆ ಅಂತ ಕಣ್ಣೀರು ಹಾಕಿದರು ಎಂದಳು.

ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಸೊಸೆ ಪಾತ್ರೆ ಕುಕ್ಕುವುದು, ಓನರು ಸುಣ್ಣ ಬಳಿಸದಿರುವುದು, ಮೇಲಿನ ಮನೆಯವರ ನಾಯಿ. ಪ್ರತಿಯೊಂದು ನಿಟ್ಟುಸಿರಿಗೂ ತನ್ನದೇ ಆಳವಿತ್ತು, ಪ್ರತಿಯೊಂದು ಲೊಚಗುಟ್ಟುವಿಕೆಯೂ ಕೋಣೆಯ ನಟ್ಟನಡುವೆ ಮೂಡಿ ಕರಗುತ್ತಿತ್ತು. ಕಚೇರಿಯ ಫೋನಿನಲ್ಲಿ ಅವನು ಕೇಳಿದ ದೂರುಗಳೆಲ್ಲ ಇದರ ಮುಂದೆ ನೆರಳು. ಅಭ್ಯಾಸಬಲದಿಂದ ಅವನ ಬಾಯಿ ಒಮ್ಮೆ “ಬರ್ಕೊಂಡಿದೀನಿ” ಎಂದುಬಿಟ್ಟಿತು.

ಅವನು ಎದ್ದ.

“ಎಲ್ಲಿಗೆ?” ಎಂದಳು ಹೆಂಡತಿ.

“ಸದ್ದು ಕಡಿಮೆ ಮಾಡಿ ಅಂತ ಹೇಳಿ ಬರ್ತೀನಿ.”

“ಹೋಗಿ, ಹೋಗಿ. ಇಡೀ ಬಿಲ್ಡಿಂಗಲ್ಲಿ ಮೊದಲನೇ ದೂರು ನಿಮ್ಮದೇ.”

ಸಿಸ್ಟರ್ ಫೋನ್ ಹಿಡಿದೇ ಬಾಗಿಲು ತೆರೆದರು. ಮುಖ ಅರಳಿತ್ತು. ಅವನು “ಸ್ವಲ್ಪ ಸದ್ದು…” ಎನ್ನುವಷ್ಟರಲ್ಲಿ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡರು.

“ಒಳ್ಳೇ ಹೊತ್ತಿಗೆ ಬಂದ್ರಿ. ನನ್ನ ತಂಗಿ ಇವಳು. ಪಾಪ, ಕಷ್ಟ ಹೇಳ್ಕೊಂಡ್ರೆ ಕೇಳೋರೇ ಇಲ್ಲ. ನಾನೂ ಎಷ್ಟೂಂತ ಕೇಳಲಿ? ನಿಮಗಾದ್ರೆ ಇದೇ ಕೆಲಸ, ತಾಳ್ಮೆ ಇದೆ. ತಗೊಳಿ, ಒಂದು ಗಳಿಗೆ ನೀವು ಕೇಳಿ.”

ಫೋನನ್ನು ಅವನ ಕಡೆ ಚಾಚಿದರು. ಸ್ಪೀಕರುಗಳಲ್ಲಿ ತಂಗಿ ಹೊಸದಾಗಿ ಶುರುಮಾಡಲು ಉಸಿರೆಳೆದುಕೊಂಡದ್ದು ಕೇಳಿಸಿತು, ಎಡಗಡೆಯಿಂದ ಅರ್ಧ, ಬಲಗಡೆಯಿಂದ ಅರ್ಧ.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ನಾನು ಕೇಳೋದಿಲ್ಲ,” ಎಂದ.