ಸ್ತೋತ್ರ ಮತ್ತು ಮೋಟರು

ದೇವರಿಲ್ಲ ಎನ್ನುವವರಿಂದ ದೇವರಿಗೆ ಅಂಥ ತೊಂದರೆಯೇನೂ ಆಗಿರಲಾರದು ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಅವರು ಇಲ್ಲವೆಂದು ಹೇಳಿ ತಮ್ಮ ಪಾಡಿಗೆ ಹೋಗುತ್ತಾರೆ. ಇದ್ದಾನೆಂದು ದಿನಾ ಗಂಟೆ ಬಾರಿಸಿ, ಆಮೇಲೆ ಅವನಿಗೆ ಕಣ್ಣೂ ಕಿವಿಯೂ ಇಲ್ಲವೆಂಬಂತೆ ಬದುಕುವ ನನ್ನಂಥವರ ವಿಷಯವೇ ಬೇರೆ.

ಕೊಟ್ಟೂರಿನ ನಮ್ಮ ಓಣಿಗೆ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ, ಬೆಳಿಗ್ಗೆ ಒಂದಿಷ್ಟು ಹೊತ್ತು ಬರುತ್ತದೆ. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಬಸ್ಸಿನ ಹೊತ್ತಿಗಿಂತ ಮುಂಚೆ ತೊಟ್ಟಿ ತುಂಬಬೇಕು. ಅದಕ್ಕಾಗಿ ನಳಕ್ಕೆ ಸಣ್ಣದೊಂದು ಮೋಟರು ಕೂಡಿಸಿದ್ದೆ. ಹಾಗೆ ಕೂಡಿಸಬಾರದೆಂದು ನಿಯಮವಿದೆ. ಆದ್ದರಿಂದ ನೀರು ಬಂದ ದಿನ ಅದರ ಗುರುಗುಟ್ಟುವಿಕೆ ಓಣಿಗೆ ಕೇಳದಿರಲೆಂದು ಪೂಜೆಗೆ ಕೂತು, ಸ್ತೋತ್ರವನ್ನು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ತೊಟ್ಟಿ ತುಂಬುವವರೆಗೆ ಮಂಗಳಾರತಿ ಇಲ್ಲ. ನೀರು ಬಾರದ ದಿನ ಊದುಬತ್ತಿ ಹಚ್ಚಿ, ಕೈಮುಗಿದು ಎದ್ದುಬಿಡುತ್ತಿದ್ದೆ. ಓಣಿಯಲ್ಲಿ ನನಗೆ ದೊಡ್ಡ ಭಕ್ತನೆಂಬ ಹೆಸರು ಬಂತು. ಬಂದದ್ದನ್ನು ಬೇಡವೆನ್ನಲಿಲ್ಲ. "ದೇವ್ರಿಗಿ ಕಿವಿ ಮಂದ ಅಂತ ತಿಳಿದೀರೇನ್ರಿ?" ಎಂದು ಹೆಂಡತಿ ಶಾರದಾ ಒಮ್ಮೆ ಕೇಳಿದಳು. ಮೋಟರಿನ ಸದ್ದಿನಲ್ಲಿ ಕೇಳಿಸದವನಂತೆ ಇದ್ದೆ.

ಗೋಡೆಯಾಚೆಯ ಮನೆ ಮಾಬುಬಿ ಅಕ್ಕನದು. ಅವರ ಗಂಡ ಲಾರಿ ರಿಪೇರಿ ಮಾಡುತ್ತಾರೆ. ನಮ್ಮ ನಳ ದಾಟಿದ ಮೇಲೆ ಅವರ ನಳ. ನಮ್ಮ ಮೋಟರು ಎಳೆದು ಮಿಕ್ಕದ್ದು ಅವರಿಗೆ. ಮಿಕ್ಕುತ್ತಿದ್ದದ್ದು ಬರೀ ಗಾಳಿ. ಹೋದ ತಿಂಗಳು ನೀರು ಬಂದ ಒಂದು ದಿನ, ನಾನು ಮೋಟರು ಹಚ್ಚಿ ಇನ್ನೇನು ದನಿ ಎತ್ತಬೇಕು, ಅಕ್ಕ ಖಾಲಿ ಕೊಡ ಹಿಡಿದು ಬಾಗಿಲಿಗೇ ಬಂದರು. ನಾನು ಗಾಬರಿಯಲ್ಲಿ ಗಂಟೆ ಅಲ್ಲಾಡಿಸುತ್ತಲೇ ಎದ್ದು ಹೋದೆ.

"ಸರ, ಮಗಳು ಹಡದು ಮನಿಗಿ ಬಂದಾಳ. ಬಾಣಂತಿ ಎರಕೊಳ್ಳಾಕ ನೀರಿಲ್ಲ. ನೀವು ಹೆಂಗೂ ಪೂಜಿಗಿ ಕುಂತೀರಿ. ನಮ್ಮ ನಳಕ್ಕೂ ಒಂದೀಟು ಬರ್ಲಿ ಅಂತ ದೇವ್ರಿಗಿ ಹೇಳ್ರಿ. ನಿಮ್ಮ ಮಾತು ಕೇಳ್ತಾನ," ಎಂದರು.

"ಹೇಳ್ತೀನಿ ಅಕ್ಕಾ," ಎಂದು ಒಳಗೆ ಬಂದು ಕಣ್ಣು ಮುಚ್ಚಿ ಕೂತೆ. ಏನೆಂದು ಕೇಳುವುದು? ಸ್ವಿಚ್ಚು ನನ್ನ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ನಾನು ಬೇಡಿಕೊಂಡು, ದೇವರು ಮನಸ್ಸು ಮಾಡಿ, ತಿರುಗಿ ನನ್ನ ಕೈಯಿಂದಲೇ ಅದನ್ನು ಆರಿಸಬೇಕು. ಅರ್ಜಿಯನ್ನು ಇಷ್ಟು ಸುತ್ತಿಸುವುದು ನಮ್ಮ ಕಚೇರಿಯಲ್ಲೂ ಇಲ್ಲ. ನಾಚಿಕೆಯಾಯಿತು. ಎದ್ದು ಸ್ವಿಚ್ಚು ಆರಿಸಿದೆ. ತುಸು ಹೊತ್ತಿಗೆ ಗೋಡೆಯಾಚೆ ಕೊಡದ ತಳಕ್ಕೆ ನೀರು ಬೀಳುವ ಸದ್ದು ಕೇಳಿತು.

"ಬಂತ್ರಿ ಸರ, ದೇವ್ರು ಕೇಳಿದ," ಎಂದು ಮಾಬುಬಿ ಅಕ್ಕ ಕೂಗಿ ಹೇಳಿದರು.

ಅಂದು ದಿನವಿಡೀ ಪವಾಡಪುರುಷನಾಗಿ ಕಳೆದೆ. ಆ ಪದವಿಯಲ್ಲಿ ಸುಖವಿಲ್ಲ. ಮಧ್ಯಾಹ್ನದ ಬುತ್ತಿಯೂ ರುಚಿಸಲಿಲ್ಲ. ಸಂಜೆ ಬಸ್ಸಿಳಿದವನು ನೇರ ಅವರ ಮನೆಗೆ ಹೋಗಿ, "ಅಕ್ಕಾ, ಅದು ದೇವ್ರ ಕೆಲಸ ಅಲ್ಲ. ನಮ್ಮ ನಳಕ್ಕ ಮೋಟರು ಐತಿ," ಎಂದೆ.

ಅವರು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದರು. "ಗೊತ್ತೈತಿ ಬಿಡ್ರಿ. ನಮ್ಮನಿಯವರು ಇಂಜಿನ್ ಸದ್ದಿನ ಮ್ಯಾಲೆ ಅನ್ನ ತಿನ್ನೋರು. ಜಗಳಕ್ಕ ಹೊಂಟಿದ್ರು, ನಾನ ಬ್ಯಾಡ ಅಂದೆ. ಸರ ದೇವ್ರನ್ನ ನಂಬಿದೋರು ಅದಾರ, ಅವನ ಹೆಸರ ಮ್ಯಾಲೆ ಒಮ್ಮಿ ಕೇಳಿ ನೋಡೋಣು ಅಂದೆ," ಎಂದರು. ಆಮೇಲೆ ನಕ್ಕು, "ನೀವು ಬಂದ್ ಮಾಡಿದ್ರಲ್ಲ. ಅದು ದೇವ್ರ ಕೆಲಸ ಅಲ್ಲ ಅಂತ ಯಾಕ ಅಂತೀರಿ?" ಎಂದರು.

ಮರುದಿನವೇ ಶಾರದಾ ಮೋಟರನ್ನು ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದಳು. ಈಗ ನೀರು ಸಣ್ಣಗೆ ಬರುತ್ತದೆ, ಆದರೆ ಎರಡೂ ಮನೆಗೆ ಬರುತ್ತದೆ. ತಮ್ಮ ಕೊಡಗಳು ತುಂಬಿದ ಮೇಲೆ ಮಾಬುಬಿ ಅಕ್ಕ, ಇನ್ನು ನಮ್ಮ ನಳ ಪೂರ್ತಿ ತಿರುವಬಹುದೆಂದು ನನಗೊಂದು ಕೂಗು ಹಾಕುತ್ತಾರೆ. ಉಳಿದಿರುವುದು ಒಂದೇ ತೊಂದರೆ. ಮೊದಲು ಆ ಗದ್ದಲದಲ್ಲಿ ನನ್ನ ಸ್ತೋತ್ರದ ತಪ್ಪುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಈಗ ಮನೆ ನಿಶ್ಶಬ್ದ. ನಾಲ್ಕು ಸಾಲು ದಾಟುವಷ್ಟರಲ್ಲಿ ಶಾರದಾ ಅಡುಗೆಮನೆಯಿಂದ, "ರೀ, ಅದು ಹಂಗಲ್ಲ. ಮೊದಲಿಂದ ಹೇಳ್ರಿ," ಎನ್ನುತ್ತಾಳೆ. ನಾನು ಮೊದಲಿನಿಂದ ಶುರುಮಾಡುತ್ತೇನೆ.